ಕಾಳಸರ್ಪನ ಎದೆಗೆ ಹಿಡಿಮಣ್ಣು

ಮುಕ್ಕಾಂ ಗಂಗಾವತಿ,
ತಾರಣ ಸಂವತ್ಸರ, ಮಾಘ ಶುದ್ಧ ಪಂಚಮಿ
(ಇಸವಿ ೧೯೪೫)

ಹೊಳಿಯಮ್ಮನಿಗೆ ಅವಳ ಹುಲಿಗೆಪ್ಪ ಬರೆದದ್ದು.

ಮೊದಲು ಕ್ಷೇಮ ಬರೆಯಬೇಕಲ್ಲವೇ? ಕ್ಷೇಮವಾಗಿದ್ದೇನೆ. ಕೊಪ್ಪಳದಲ್ಲಿ ಯಾರೋ ಪುಣ್ಯಾತ್ಮ ಎಸೆದ ಕಲ್ಲಿಗೆ ಎಡಗಿವಿ ಬಾತು ಬದನೆಕಾಯಿಯಾಗಿದೆ. ಅದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನೀನು ಕಂಡ ಹಾಗೆಯೇ ಇದೆ. ಹೊಟ್ಟೆ ಮಾತ್ರ ಸ್ವಲ್ಪ ಮುಂದೆ ಬಂದಿದೆ. ದುಷ್ಟನಿಗೆ ಹೊಟ್ಟೆ ಇದ್ದರೇ ಚೆಂದ ಎಂದು ನಮ್ಮ ಕುಸ್ತಿ ಕಂಪನಿಯ ಮಾಲೀಕ ಹಂಪಣ್ಣ ಹೇಳುತ್ತಾನೆ. ಮಗಳು ದುರುಗವ್ವನ ಕೆಮ್ಮು ಹೋಯಿತೇ?

ನಿನ್ನ ಪತ್ರವನ್ನು ನಿಮ್ಮಣ್ಣ ಅಂದಪ್ಪ ಜೋಳದ ಗಾಡಿಯ ಜೊತೆ ಬಂದವನು ಕೈಯಲ್ಲಿ ಕೊಟ್ಟು ಹೋದ. ಭಾರತ ಹುಣ್ಣಿಮೆಗೆ ಮಗಳನ್ನು ಹೇಮಗುಡ್ಡಕ್ಕೆ ಕರೆತಂದು, ದೇವಿಯ ಮುಂದೆ ಅವಳ ಹುಟ್ಟುಗೂದಲು ತೆಗೆಸುತ್ತೇನೆ ಎಂದು ಬರೆದಿದ್ದೀ. ಹರಕೆ ಹೊತ್ತವನು ನಾನು, ಆದ್ದರಿಂದ ನಾನೇ ಬಂದು ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಳ್ಳಬೇಕು ಎಂದೂ ಬರೆದಿದ್ದೀ. ಹೇಮಗುಡ್ಡ ಇಲ್ಲಿಂದ ಎಷ್ಟು ದೂರ? ಬೆಳಿಗ್ಗೆ ಹೊರಟರೆ ಬಿಸಿಲು ಏರುವುದರೊಳಗೆ ಮುಟ್ಟಬಹುದು. ಆದರೂ ಅದಕ್ಕೆ ಉತ್ತರ ಬರೆಯಲು ಕೂತರೆ ಕೈ ಬೇರೆ ಏನೇನೋ ಬರೆಯುತ್ತದೆ. ಓದು, ಬೇಸರ ಮಾಡಿಕೊಳ್ಳಬೇಡ.

ಈಗ ಮಟಮಟ ಮಧ್ಯಾಹ್ನ. ಕಂಪನಿಯ ಮಂದಿಯೆಲ್ಲ ಕಾಲುವೆಗೆ ಈಸಲು ಹೋಗಿದ್ದಾರೆ, ಡೇರೆಯಲ್ಲಿ ನಾನೊಬ್ಬನೇ. ನಾನು ಹೋಗುವಂತಿಲ್ಲ. ಊರ ಗೋಡೆಗಳಿಗೆಲ್ಲ ಅಂಟಿಸಿದ ಜಾಹೀರಾತಿನಲ್ಲಿ ನಾನು ಮಲಬಾರಿನ ಕಾಳಸರ್ಪ. ಹಸಿ ಮಾಂಸ ತಿನ್ನುವವನು, ಕನ್ನಡ ಬಾರದವನು. ಮಲಬಾರು ಯಾವ ದಿಕ್ಕಿಗಿದೆ ಎಂಬುದೂ ನನಗೆ ಗೊತ್ತಿಲ್ಲ! ಮುಖಕ್ಕೆ ಮಸಿ ಬಳಿದುಕೊಂಡರೆ ಹೆತ್ತವ್ವನಿಗೂ ಗುರುತು ಸಿಗಲಿಕ್ಕಿಲ್ಲ, ಆದರೆ ನಾಲಗೆಗೆ ಯಾವ ಮಸಿ ಬಳಿಯಲಿ? ಬಾಯಿ ಬಿಟ್ಟು ಒಮ್ಮೆ 'ಹೌದ್ರಿ' ಎಂದರೆ ಸಾಕು, ಇವನು ನಮ್ಮ ಕುಷ್ಟಗಿ ಕಡೆಯವನು ಎಂದು ತಿಳಿಯುತ್ತದೆ, ಕಾಳಸರ್ಪ ಅಲ್ಲಿಗೆ ಸತ್ತ. ಹೀಗಾಗಿ ನಮ್ಮ ನಾಡಿನಲ್ಲೇ ನಾನು ಮೂಕನಾಗಿ ತಿರುಗುತ್ತಿದ್ದೇನೆ.

ನಿನ್ನೆ ಮುಖ ತೊಳೆದುಕೊಂಡು, ಕಿವಿ ಮುಚ್ಚುವ ಹಾಗೆ ರುಮಾಲು ಸುತ್ತಿಕೊಂಡು ಸಂತೆಯ ಕಡೆ ಹೋದೆ. ಒಗ್ಗರಣೆ ಮಂಡಾಳು, ಮಿರ್ಚಿಯ ವಾಸನೆಗೆ ಕಾಲು ತಾನಾಗಿಯೇ ಚಾದಂಗಡಿಗೆ ತಿರುಗಿತು. ಪಕ್ಕದ ಬೆಂಚಿನ ಮೇಲೆ ಇಬ್ಬರು ರೈತರು ಕೂತಿದ್ದರು. ಒಬ್ಬ ಹೇಳಿದ, 'ಈ ಸಲ ಕುಷ್ಟಗಿ ಕಡಿ ಬಿಳಿಜ್ವಾಳ ಭಾಳ ಛಲೋ ಅದಾವ ನೋಡಪಾ.' ಹೊಳಿಯಮ್ಮ, ನನಗೆ ಹೇಗಾಗಿರಬೇಡ! ಯಾರ ಹೊಲ, ನಮ್ಮ ಓಣಿಯವರು ಯಾರಾದರೂ ಸಿಕ್ಕಿದ್ದರೇ ಎಂದು ಕೇಳಲು ಗಂಟಲವರೆಗೆ ಮಾತು ಬಂತು. ಈ ಮೈಕಟ್ಟು ನೋಡಿದವರು ಸಂಜೆ ಆಟದಲ್ಲಿ ಗುರುತು ಹಿಡಿದಾರು ಎಂದು ನುಂಗಿಕೊಂಡು, ನೀರು ಬೇಕೆಂದು ಕೈಸನ್ನೆ ಮಾಡಿದೆ. ಅಂಗಡಿಯ ಶಫೀಸಾಬ ನನ್ನನ್ನು ನೋಡಿ, 'ಪಾಪ, ಇಷ್ಟ ದೊಡ್ಡ ಆಳು, ಬಾಯಿ ಬರಂಗಿಲ್ಲ. ಇನ್ನೊಂದೆರಡು ಮಿರ್ಚಿ ಹಾಕ್ರಿ ಅಂವಗ' ಎಂದ. ತಿಂದೆ. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆ ಎಂದು ಅವರು ತಿಳಿದರು.

ದಿನಕ್ಕೊಮ್ಮೆ ಮಾತ್ರ ನಾನು ಮನಸ್ಸು ಬಿಚ್ಚಿ ನಮ್ಮ ಮಾತು ಆಡುತ್ತೇನೆ, ಅದೂ ಕುಸ್ತಿಯ ಕಣದಲ್ಲಿ. ಶಾಮೀದಸಾಬ ನಿನಗೆ ಗೊತ್ತಲ್ಲ, ಕನಕಗಿರಿಯವನು, ಒಂದೇ ಗರಡಿಯಲ್ಲಿ ನನ್ನ ಜೊತೆ ಮಣ್ಣು ಮೆತ್ತಿಕೊಂಡು ಬೆಳೆದವನು. ಕಂಪನಿಯಲ್ಲಿ ಅವನು ಗೆಲ್ಲುವವನು, ನಾನು ಸೋಲುವವನು. ಮೊದಲು ನಾನು ಅನ್ಯಾಯ ಮಾಡಬೇಕು, ಕಚ್ಚಬೇಕು, ಕಣ್ಣಿಗೆ ಮಣ್ಣೆರಚಬೇಕು, ಆಮೇಲೆ ಅವನು ನನ್ನನ್ನು ಚಿತ್ ಮಾಡಬೇಕು. ನಾನೊಮ್ಮೆಯಾದರೂ ಗೆಲ್ಲುತ್ತೇನೆ ಎಂದರೆ ಹಂಪಣ್ಣ ನಗುತ್ತಾನೆ: 'ಮಂದಿ ಬರೋದು ಅಂವ ಗೆಲ್ಲೋದು ನೋಡಾಕಲ್ಲೋ ಹುಚ್ಚಾ, ನೀ ಸೋಲೋದು ನೋಡಾಕ.' ಗೆದ್ದವನಿಗೆ ಊರವರು ಜರಿ ರುಮಾಲು ಸುತ್ತುತ್ತಾರೆ, ಮನೆಗೆ ಕರೆದು ಹೋಳಿಗೆ ಉಣಿಸುತ್ತಾರೆ. ನಾವಿಬ್ಬರೂ ಹೊರಗೆ ಒಟ್ಟಿಗೆ ಕಂಡರೆ ಆಟ ಕೆಟ್ಟಿತೆಂದು ನಮಗೆ ಬೇರೆ ಬೇರೆ ಡೇರೆ, ಬೇರೆ ಬೇರೆ ಗಾಡಿ.

ಆದರೆ ತಲೆಗೆ ತಲೆ ಕೊಟ್ಟು ಕುತ್ತಿಗೆ ಹಿಡಿದಾಗ, ಮಂದಿಯೆಲ್ಲ 'ಹೊಡೀರಿ, ಕೊಲ್ರಿ ಆ ಹಡಬಿಟ್ಟಿನ್ನ' ಎಂದು ಕೂಗುವಾಗ, ಶಾಮೀದಸಾಬ ನನ್ನ ಕಿವಿಯಲ್ಲಿ ಕೇಳುತ್ತಾನೆ, 'ಉಂಡೇನೋ? ಮನಿ ಕಡಿ ಸುದ್ದಿ ಏನರ ಬಂತೇನು?' ನಾನು ಹಲ್ಲು ಕಡಿಯುತ್ತ ಗುರುಗುಟ್ಟುವವನ ಹಾಗೆ ಮುಖ ಮಾಡಿ, 'ಉಂಡೆ. ಮಗಳಿಗೆ ಕೆಮ್ಮಂತ' ಎನ್ನುತ್ತೇನೆ. 'ತುಳಸಿ ರಸದಾಗ ಜೇನ ಹಾಕಿ ಕೊಡಾಕ ಹೇಳು' ಎಂದು ಹೇಳಿ ನನ್ನನ್ನು ಎತ್ತಿ ಒಗೆಯುತ್ತಾನೆ. ಅವನು ಬೆನ್ನು ತಟ್ಟಿದರೆ ನಾನು ಬೀಳಬೇಕು, ಅದು ನಮ್ಮ ಗುರುತು. ಈಚೆಗೆ ಸ್ವಲ್ಪ ತಡ ಮಾಡಿ ತಟ್ಟುತ್ತಾನೆ, ಇನ್ನೊಂದು ಮಾತು ಆಡಲಿ ಎಂದು.

ಕೊಪ್ಪಳದ ಆಟದ್ದೊಂದು ಹೇಳಬೇಕು. ಶಾಮೀದಸಾಬನ ಕಣ್ಣಿಗೆ ಮಣ್ಣೆರಚಿ, ಅವನು ಕಣ್ಣು ಹಿಚುಕಿಕೊಳ್ಳುವಾಗ ಹಿಂದಿನಿಂದ ಒದ್ದೆ. ಹೆಂಗಸರ ಕಡೆಯ ಪರದೆಯಿಂದ ಬೈಗಳ ಸುರಿಮಳೆ. ಅಷ್ಟರಲ್ಲಿ ಹಗ್ಗದ ಕೆಳಗಿನಿಂದ ಒಂದು ಪುಟ್ಟ ಹುಡುಗಿ ನುಸುಳಿ ಬಂತು. ತಲೆಗೆ ಕೆಂಪು ವಸ್ತ್ರ ಕಟ್ಟಿದ್ದರು, ಮೂಗು ಸುರಿಯುತ್ತಿತ್ತು. 'ನಿನ್ನ ಬಾಯಾಗ ಮಣ್ಣ ಬೀಳ್ಲಿ!' ಎಂದು ಹಿಡಿ ತುಂಬ ಮಣ್ಣು ಬಾಚಿ ಎಸೆಯಿತು. ಬಾಯಿಗೆಲ್ಲಿ ಎಟುಕಬೇಕು, ಎದೆಗೆ ಬಿತ್ತು. ಕಾಳಸರ್ಪ ಆಗ ಅರಚಿ ಹೆದರಿಸಬೇಕು. ಅದು ಹೆದರದೆ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ನನಗೆ ನಗು ಬಂತು, ನಗುವ ಹಿಂದೆಯೇ ಅಳು ಬಂತು. ಶಾಮೀದಸಾಬನಿಗೆ ಗೊತ್ತಾಗಿ, ಹೊತ್ತಿಗೆ ಮೊದಲೇ ನನ್ನನ್ನು ಕೆಡವಿಬಿಟ್ಟ. ಹಂಪಣ್ಣ ಆಮೇಲೆ ಎಗರಾಡಿದ: 'ಹಲ್ಲ ಕಿಸಿಯೋ ರಾಕ್ಷಸನ್ನ ನೋಡಾಕ ಯಾರ ಬರ್ತಾರಲೇ?' ಅಂದಿನಿಂದ ನನಗೆ ಅನ್ನ ರುಚಿಸುತ್ತಿಲ್ಲ. ಕೂಸಿನ ಬಾಯಿಂದ ಬಂದ ಮಾತು ಸುಳ್ಳಾಗುವುದಿಲ್ಲ ಅನ್ನುತ್ತಾರಲ್ಲ.

ಐದು ವರ್ಷದಿಂದ ಮನೆಗೆ ಏಕೆ ಬರುತ್ತಿಲ್ಲ ಎಂದು ನೀನು ಪ್ರತಿ ಪತ್ರದಲ್ಲೂ ಕೇಳಿದೆ, ನಾನು ಪ್ರತಿ ಸಲವೂ ಒಂದು ನೆಪ ಬರೆದೆ. ಇವತ್ತು ಹೇಳಿಬಿಡುತ್ತೇನೆ. ಆ ವರ್ಷ ಯಲಬುರ್ಗಾದ ಆಟದಲ್ಲಿ ಒಬ್ಬಳು ಮುದುಕಿ ಹಗ್ಗದ ತನಕ ಬಂದು, ಹಿಡಿ ಮಣ್ಣು ತೂರಿ, 'ನಿನ್ನ ಕುಡಿ ಕಮರ್ಲಿ, ನಿನ್ನ ಮನಿ ದೀಪ ಆರ್ಲಿ' ಎಂದಳು. ಕಾಳಸರ್ಪ ನಕ್ಕ, ಅದು ಅವನ ಕೆಲಸ. ಇನ್ನೂ ಡೇರೆ ಬಿಚ್ಚಿರಲಿಲ್ಲ, ನಮ್ಮ ಗ್ಯಾನಪ್ಪ ಹೋದನೆಂದು ಅಂದಪ್ಪ ಓಡಿ ಬಂದ. ಆಡಿಕೊಳ್ಳುತ್ತಿದ್ದ ಮಗ! ಮಣ್ಣು ತೂರಿ ಹಾಕಿದ ಶಾಪ ಹೊಸ್ತಿಲು ಹುಡುಕಿಕೊಂಡು ಬರುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಆಗ ನೀನು ಮತ್ತೆ ಬಸುರಿ. ಈ ಕೂಸನ್ನಾದರೂ ಉಳಿಸು ಎಂದು ಹೇಮಗುಡ್ಡದ ದೇವಿಗೆ ಹರಕೆ ಹೊತ್ತು, ಮಗನನ್ನು ಮಣ್ಣು ಮಾಡಿದ ದಿನವೇ ಮನೆಯಿಂದ ಹೊರಗೆ ಬಿದ್ದೆ. ನನಗೆ ದಿನಾ ಒಂದು ಊರು ಶಾಪ ಹಾಕುತ್ತದೆ, ಹೊಳಿಯಮ್ಮ. ಅದನ್ನೆಲ್ಲ ಕಾಲಿಗೆ ಅಂಟಿಸಿಕೊಂಡು ನನ್ನ ಮಗಳ ಹತ್ತಿರ ಹೇಗೆ ಬರಲಿ? ನಾನು ದೂರ ಇದ್ದೇನೆ, ಅವಳು ಬದುಕಿದ್ದಾಳೆ. ಇಷ್ಟು ಸಾಕು ನನಗೆ.

ಆದ್ದರಿಂದ ಹೇಮಗುಡ್ಡಕ್ಕೆ ಬರುವುದಿಲ್ಲ. ಅಂದಪ್ಪನೇ ಅವಳನ್ನು ತೊಡೆಯ ಮೇಲೆ ಕೂಡಿಸಿಕೊಳ್ಳಲಿ, ಸೋದರಮಾವನಿಗೂ ಹಕ್ಕಿದೆ. ಹುಣ್ಣಿಮೆಯ ಮರುದಿನ ನಾವು ಡೇರೆ ಕಿತ್ತು ಸಿಂಧನೂರಿನ ಕಡೆ ಹೋಗುತ್ತೇವೆ.

ನಿನ್ನವನೇ ಆದ
ಹುಲಿಗೆಪ್ಪ

ತಾ.ಕ.: ದುರುಗವ್ವ ಈಗ ಎಷ್ಟು ಎತ್ತರ ಆಗಿದ್ದಾಳೆ? ನಿನ್ನ ಸೊಂಟಕ್ಕೆ ಬಂದಿದ್ದಾಳೆಯೇ, ಇನ್ನೂ ಕೆಳಗೇ? ಗೋಡೆಗೆ ನಿಲ್ಲಿಸಿ, ಹಿಮ್ಮಡಿಯಿಂದ ನೆತ್ತಿಯವರೆಗೆ ಒಂದು ದಾರ ಹಿಡಿದು, ಅಷ್ಟು ದಾರ ಕಳಿಸು. ನೋಡಬೇಕು ಅನ್ನಿಸಿದಾಗ ಬಿಚ್ಚಿ ನೋಡಿಕೊಳ್ಳುತ್ತೇನೆ.


ಕುಷ್ಟಗಿ,
ಮಾಘ ಶುದ್ಧ ದಶಮಿ

ದುರುಗವ್ವನ ಅಪ್ಪನಿಗೆ ನಮಸ್ಕಾರ.

ನಿಮ್ಮ ಹೆಸರು ನಾನು ಬರೆಯಬಾರದು, ಇನ್ನು ಕಾಳಸರ್ಪ ಎಂದು ಬರೆಯಲು ಕೈ ಏಳುವುದಿಲ್ಲ. ಹಾಗಾಗಿ ಮಗಳ ಹೆಸರು ಹಿಡಿದು ಕರೆದಿದ್ದೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಸಿಟ್ಟಿನಲ್ಲಿ ಇನ್ನೂ ಕೆಟ್ಟಿದೆ. ನಿಧಾನಕ್ಕೆ ಓದಿಕೊಳ್ಳಿ, ಹೇಗೂ ಮಧ್ಯಾಹ್ನ ನಿಮಗೆ ಮಾತಿಗೆ ಯಾರೂ ಇಲ್ಲವಲ್ಲ.

ಐದು ವರ್ಷ! ಐದು ವರ್ಷ ನಾನು ಏನೇನು ತಿಳಿದೆ ಗೊತ್ತೇ? ಓಣಿಯ ಶೇಖರಮ್ಮ ನೀರಿಗೆ ಹೋದಾಗಲೆಲ್ಲ ಹೇಳುತ್ತಾಳೆ, 'ಗಂಡಸು ಇಷ್ಟ ದಿನ ಬರಂಗಿಲ್ಲ ಅಂದ್ರ ಅಲ್ಲಿ ಯಾವಾಕಿನ್ನೋ ಇಟಗೊಂಡಾನ ತಗಿ.' ನಾನು ಆಕೆಯ ಜೊತೆ ಜಗಳ ತೆಗೆದೆ, ಕೊಡ ಒಡೆದುಕೊಂಡೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು, ಹಾಗೇ ಇರಬಹುದು ಎಂದು ಅತ್ತೆ. ಬೇರೆಯವಳಿದ್ದಿದ್ದರೆ ಗಂಗಾವತಿಗೆ ಬಂದು ಜುಟ್ಟು ಹಿಡಿದು ಕೇಳುತ್ತಿದ್ದೆ. ಮಣ್ಣಿನ ಜೊತೆ ಹೇಗೆ ಜಗಳವಾಡಲಿ, ಹೇಳಿ?

ನಮ್ಮ ಗ್ಯಾನಪ್ಪ ಹೋದ ವರ್ಷ ನಮ್ಮ ಓಣಿಯಲ್ಲಿ ಮನೆ ಬಿಟ್ಟು ಮನೆ ತೊಟ್ಟಿಲು ಬರಿದಾದವು. ಕುಂಬಾರರ ಮನೆಯ ಅವಳಿ ಮಕ್ಕಳು ಹೋದವು, ಹನುಮಂತಪ್ಪನ ಮೊಮ್ಮಗ ಹೋಯಿತು. ಅವರ ಅಪ್ಪಂದಿರೆಲ್ಲ ಮುಖಕ್ಕೆ ಮಸಿ ಬಳಿದುಕೊಂಡು ಯಲಬುರ್ಗಾದಲ್ಲಿ ಕುಸ್ತಿ ಆಡುತ್ತಿದ್ದರೇ? ಅದು ಜ್ವರ. ಬಂತು, ತೆಗೆದುಕೊಂಡು ಹೋಯಿತು. ಮಗ ನನ್ನ ಮಡಿಲಲ್ಲಿ ಹೋದ, ನಿಮ್ಮ ಮುದುಕಿಯ ಬಾಯಲ್ಲಿ ಅಲ್ಲ. ಅವನು ಹೋದ ದುಃಖವನ್ನು ನಾವಿಬ್ಬರೂ ಕೂಡಿ ಹೊರಬೇಕಿತ್ತು. ನೀವು ನಿಮ್ಮ ಪಾಲನ್ನು ಎತ್ತಿಕೊಂಡು ಹೋದಿರಿ, ನನ್ನ ಪಾಲು ನನ್ನ ತಲೆಯ ಮೇಲೇ ಉಳಿಯಿತು.

ಇರಲಿ, ಶಾಪ ನಿಜ ಎಂದೇ ಇಟ್ಟುಕೊಳ್ಳೋಣ. ಮಂದಿ ಶಾಪ ಹಾಕುವುದು ಯಾರಿಗೆ? ಮಲಬಾರಿನ ಕಾಳಸರ್ಪನಿಗೆ. ಕುಷ್ಟಗಿಯಲ್ಲಿ ಆ ಹೆಸರಿನವರು ಯಾರಿದ್ದಾರೆ? ಶಾಪಕ್ಕೆ ಕಾಲಿದ್ದರೆ ಅದು ಈಗ ಮಲಬಾರಿನಲ್ಲಿ ಓಣಿ ಓಣಿ ತಿರುಗಿ ವಿಳಾಸ ಕೇಳುತ್ತಿರಬೇಕು. ಪೋಸ್ಟಿನವನಿಗಿರುವಷ್ಟು ಬುದ್ಧಿ ಶಾಪಕ್ಕೂ ಬೇಡವೇ?

ಈಗ ನಿಜವಾಗಿ ಹೆದರಬೇಕಾದ ಮಾತು ಹೇಳುತ್ತೇನೆ. ಹರಕೆಯ ಕೂದಲೆಂದು ಹುಟ್ಟಿದಾಗಿನಿಂದ ಆಕೆಯ ತಲೆಗೆ ಕತ್ತರಿ ಮುಟ್ಟಿಸಿಲ್ಲ. ಎಷ್ಟು ಎಣ್ಣೆ ಹಚ್ಚಿದರೂ ಹಿಂದೆ ಗಂಟು ಬಿದ್ದು ಜಡೆಗಟ್ಟಿದೆ. ಬಾಚಣಿಗೆ ಹಿಡಿದರೆ ಓಣಿ ಕೇಳುವ ಹಾಗೆ ಅಳುತ್ತಾಳೆ. ಮಕ್ಕಳು ಆಟಕ್ಕೆ ಕರೆಯುವಾಗ 'ಬಾರಬೇ ಜೋಗವ್ವ' ಎನ್ನುತ್ತವೆ. ಮೊನ್ನೆ ಓಣಿಯ ಹಿರೇರು ಇಬ್ಬರು ಬಂದು ಕಟ್ಟೆಯ ಮೇಲೆ ಕೂತು, 'ಜಡಿ ಬಿದ್ದೈತಿ ಹೊಳಿಯಮ್ಮ, ದೇವಿ ತನ್ನಾಕಿ ಅಂತ ಗುರುತು ಹಾಕ್ಯಾಳ. ಮನ್ಯಾಗ ಗಂಡಸ ಇಲ್ಲ, ಹೆಂಗ ಸಾಕ್ತಿ? ಹುಡುಗೀನ್ನ ದೇವರಿಗೆ ಬಿಟ್ಟಬಿಡು' ಎಂದರು. ಕೊರಳಿಗೆ ಮುತ್ತು ಕಟ್ಟಿಸಿ, ಕೈಯಲ್ಲಿ ಬುಟ್ಟಿ ಕೊಟ್ಟು ಊರೂರು ತಿರುಗಲು ಬಿಡಬೇಕಂತೆ ನನ್ನ ಮಗಳನ್ನು! ನಾನು ಒಲೆಯೊಳಗಿನ ಕೊಳ್ಳಿ ತೆಗೆದುಕೊಂಡು ಹೊರಗೆ ಬಂದೆ, ಅವರು ಎದ್ದು ಹೋದರು. ಆದರೆ ಎಷ್ಟು ದಿನ ಕೊಳ್ಳಿ ಹಿಡಿದು ಬಾಗಿಲು ಕಾಯಲಿ?

ಅದಕ್ಕೇ ಅಣ್ಣನನ್ನು ಹೇಮಗುಡ್ಡಕ್ಕೆ ಕಳಿಸಿ ಪೂಜಾರಿಯನ್ನು ಕೇಳಿಸಿದೆ. 'ಹರಕಿ ಹೊತ್ತಾಂವನ ತೊಡಿ ಮ್ಯಾಲ ಕುಂದ್ರಬೇಕು. ಅಂವ ಬದುಕಿರೂತನಕ ಬ್ಯಾರೆಯವರ ತೊಡಿ ನಡಿಯಂಗಿಲ್ಲ, ನಾ ಕತ್ತರಿ ಹಚ್ಚಂಗಿಲ್ಲ' ಎಂದನಂತೆ. ಸೋದರಮಾವನ ಹಕ್ಕಿನ ಮಾತು ಇಲ್ಲಿ ಬರುವುದಿಲ್ಲ. ನೀವು ಬಂದರೆ ಕೂದಲು ಇಳಿಯುತ್ತದೆ, ಆಕೆ ಎಲ್ಲರ ಮನೆಯ ಹುಡುಗಿಯರ ಹಾಗೆ ಆಗುತ್ತಾಳೆ. ಬರದಿದ್ದರೆ ಮುಂದಿನ ಹುಣ್ಣಿಮೆಗೆ ಹಿರೇರು ಮತ್ತೆ ಬರುತ್ತಾರೆ, ಆಗ ನಾಲ್ಕು ಮಂದಿ ಬರುತ್ತಾರೆ. ಇಲ್ಲದ ಶಾಪಕ್ಕೆ ಹೆದರಿ ದೂರ ನಿಂತು, ಇರುವ ಮಗಳನ್ನು ಕಳೆದುಕೊಳ್ಳುತ್ತೀರಾ?

ಕಂಪನಿ ಬಿಡಿ ಎಂದು ನಾನು ಹೇಳುವುದಿಲ್ಲ. ಕಳ್ಳತನ ಮಾಡುತ್ತಿಲ್ಲ, ಬೈಸಿಕೊಳ್ಳುತ್ತೀರಿ, ಅಷ್ಟೇ. ಆದರೆ ಬೀಳುವಾಗ ಎಡಗೈ ನೆಲಕ್ಕೆ ಊರಬೇಡಿ, ಎಂದಾದರೂ ಮುರಿಯುತ್ತದೆ. ಇದು ಅಣ್ಣ ಕೊಪ್ಪಳದಲ್ಲಿ ಆಟ ನೋಡಿ ಬಂದು ಹೇಳಿದ ಮಾತು. ನಾನೆಲ್ಲಿ ಕೊಪ್ಪಳಕ್ಕೆ ಬರಲಿ? ಸುಗ್ಗಿ ಬಿಟ್ಟು ಬರಲು ನನಗೇನು ಹುಚ್ಚೇ?

ಇಲ್ಲಿಯ ಬದುಕು ಕೇಳಬೇಡಿ. ಹಬ್ಬದ ದಿನ ಎರಡು ತಾಟು ಹಾಕಿ, ಮೂರನೆಯದನ್ನು ತೆಗೆದು ಮತ್ತೆ ಗೂಡಿಗೆ ಇಡುತ್ತೇನೆ. ಮಗಳಿಗೆ ಅಪ್ಪ ಎಂದರೆ ವರ್ಷಕ್ಕೊಮ್ಮೆ ಬರುವ ಸೀರೆಯ ಗಂಟು. ಗಾಡಿಯ ಸಪ್ಪಳ ಕೇಳಿದರೆ, 'ಯವ್ವಾ, ಅಪ್ಪ ಬಂತು' ಎನ್ನುತ್ತಾಳೆ. ಈಚೆಗೆ ಕೌದಿಯ ಸುರುಳಿಯ ಜೊತೆ ಕುಸ್ತಿ ಹಿಡಿಯುವುದನ್ನು ಕಲಿತಿದ್ದಾಳೆ, ಅದರ ಮೇಲೆ ಕೂತು ಗುದ್ದುತ್ತಾಳೆ. ಎಲ್ಲಿ ಕಲಿತಳೋ ಏನೋ. ಕೆಮ್ಮು ಹೋಗಿದೆ, ಶಾಮೀದಸಾಬಣ್ಣನಿಗೆ ಹೇಳಿ.

ಹುಣ್ಣಿಮೆಯ ದಿನ ಬೆಳಿಗ್ಗೆ ಹೇಮಗುಡ್ಡದ ಮೆಟ್ಟಿಲ ಹತ್ತಿರ ಬೇವಿನ ಗಿಡದ ಕೆಳಗೆ ನಾವು ಕೂತಿರುತ್ತೇವೆ. ಮುಖ ತೊಳೆದುಕೊಂಡು ಬನ್ನಿ. ಅಲ್ಲಿ ನೀವು ಮೂಕರಾಗಬೇಕಿಲ್ಲ, ಎಷ್ಟು ಬೇಕಾದರೂ ಮಾತಾಡಿ.

ನಿಮ್ಮ ದಾರಿ ಕಾಯುವ
ಹೊಳಿಯಮ್ಮ

ತಾ.ಕ.: ದಾರ ಕಳಿಸುವುದಿಲ್ಲ. ನೀವು ಆಗಲೇ ಆಕೆಯ ಎತ್ತರ ನೋಡಿಯಾಗಿದೆ. ಕೊಪ್ಪಳಕ್ಕೆ ಬರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಅಣ್ಣನ ಗಾಡಿಯಲ್ಲಿ ಬಂದಿದ್ದೆ, ಪರದೆಯ ಹಿಂದೆ ಕೂತಿದ್ದೆ. ಆ ಹುಡುಗಿಯ ತಲೆಗೆ ಕಟ್ಟಿದ್ದ ಕೆಂಪು ವಸ್ತ್ರ ನೀವೇ ರಾಯಚೂರಿನಿಂದ ಕಳಿಸಿದ ಸೀರೆಯ ಸೆರಗು, ಜಡೆ ಕಾಣಬಾರದೆಂದು ಕಟ್ಟಿದ್ದೆ. ಸುತ್ತಲಿನ ಹೆಂಗಸರು ಬೈಯುವುದನ್ನು ಕೇಳಿ ಕೇಳಿ, ನನ್ನ ಕೈ ಕೊಸರಿಕೊಂಡು ಓಡಿದಳು. ಆಟ ಮುಗಿದ ಮೇಲೆ ಆಕೆಯನ್ನು ಎತ್ತಿಕೊಂಡು ನಿಮ್ಮ ಡೇರೆಯ ಹತ್ತಿರ ಬಂದೆ. ಬಾಗಿಲಲ್ಲಿದ್ದವನು 'ಯಾರ ಬೇಕಾಗ್ಯಾರಬೇ?' ಎಂದ. ಏನು ಹೇಳಲಿ? ನಿಮ್ಮ ಹೆಸರು ಹೇಳುವಂತಿಲ್ಲ, ಕಾಳಸರ್ಪನ ಹೆಂಡತಿ ಎಂದರೆ ನಿಮ್ಮ ಅನ್ನಕ್ಕೆ ಕಲ್ಲು. ತಿರುಗಿ ಬಂದೆ. ನಿಮಗೆ ಹಾಕಿದ ಶಾಪ ಮನೆಯ ಕುಡಿಗೆ ತಟ್ಟುವುದಾದರೆ, ಆಕೆಯ ಶಾಪ ಆಕೆಗೇ ಇಷ್ಟರಲ್ಲಿ ತಟ್ಟಬೇಕಿತ್ತು. ಈಗ ಹಿಂದಿಗಿಂತ ಒಂದು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದಾಳೆ. ಹೇಮಗುಡ್ಡದಲ್ಲಿ ಯಾರ ತೊಡೆಯ ಮೇಲೆ ಕೂಡಬೇಕು ಎಂದು ಕೇಳಿದಳು. 'ಕೊಪ್ಪಳದಾಗ ನಿನ್ನ ನೋಡಿ ನಕ್ಕನಲ್ಲ, ಆ ಕರೇ ಮಾರಿಯಂವ, ಅಂವನ ನಿಮ್ಮಪ್ಪ' ಎಂದೆ. ಕೌದಿಯ ಸುರುಳಿ ಬಿಟ್ಟು ಹತ್ತಿರ ಬಂದು, 'ಯವ್ವಾ, ಮಣ್ಣ ಒಗದಾಗ ಅಪ್ಪಗ ಭಾಳ ನೋವಾತೇನ?' ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದಿದ್ದೇನೆ. ಬಂದು ನೀವೇ ಹೇಳಿ.